ನಾಯಿಗೊಂದು ಹಣ್ಣಿನ ಐಸ್

ಬೇಸಿಗೆ ರಜೆಯ ಮಧ್ಯಾಹ್ನ ಜಗಲಿಯ ನೆರಳಲ್ಲಿ ಮಲಗಿದ ನಾಯಿಯನ್ನು ಹತ್ತಿರದಿಂದ ನೋಡಿ, ಮಕ್ಕಳೇ. ಎಲ್ಲಿಂದಲೋ ಓಡಿ ಬಂದದ್ದಲ್ಲ, ಆದರೂ ಏದುಸಿರು. ಬಾಯಿ ತೆರೆದಿದೆ, ಪಕ್ಕೆಗಳು ಬೇಗ ಬೇಗ ಏರಿಳಿಯುತ್ತಿವೆ. ನಾಲಿಗೆಯ ತುದಿ ಅಗಲವಾಗಿ ಹರಡಿಕೊಂಡು ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿದೆ. ಅದು ಆಗ ಮೈಯ ಕಾವು ಇಳಿಸಿಕೊಳ್ಳುವ ಕೆಲಸದಲ್ಲಿರುತ್ತದೆ.

ನಮ್ಮ ಮೈತುಂಬ ಬೆವರಿನ ಗ್ರಂಥಿಗಳಿವೆ. ಬೆವರು ಆರುವಾಗ ಮೈಯ ಶಾಖವನ್ನೂ ತೆಗೆದುಕೊಂಡು ಹೋಗುತ್ತದೆ. ನಾಯಿಗೆ ಅಂಥ ಗ್ರಂಥಿಗಳು ಇರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಅಷ್ಟು ಸಣ್ಣ ಜಾಗ ಸಾಲದು. ಅದಕ್ಕೇ ಮೂಗು, ಬಾಯಿ, ನಾಲಿಗೆಯ ತೇವವನ್ನು ಆವಿ ಮಾಡಿ ಅದು ತಣ್ಣಗಾಗುತ್ತದೆ. ಸುಮ್ಮನೆ ಮಲಗಿದಾಗ ನಿಮಿಷಕ್ಕೆ 15ರಿಂದ 30 ಬಾರಿ ಉಸಿರಾಡುವ ನಾಯಿ, ಏದುಸಿರು ಬಿಡುವಾಗ 200 ಬಾರಿಯನ್ನೂ ದಾಟಬಲ್ಲದು. ಅಂದಹಾಗೆ, ಮುಟ್ಟಿದರೆ ಬೆಚ್ಚಗಿದೆ ಎಂದು ಜ್ವರ ಬಂದಿದೆ ಅಂದುಕೊಳ್ಳಬೇಡಿ. ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಅದರ ಮಾಮೂಲಿ ಮೈಕಾವು.

ಇಂಥ ದಿನ ಅದಕ್ಕೊಂದು ಹಣ್ಣಿನ ಐಸ್ ಮಾಡಿಕೊಡೋಣ. ಕಲ್ಲಂಗಡಿ ಎಲ್ಲಕ್ಕಿಂತ ಸುಲಭ, ಅದರಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ನೀರೇ ಇದೆ. ಸಿಪ್ಪೆ ಮತ್ತು ಬೀಜ ತೆಗೆದು, ಕೆಂಪು ತಿರುಳನ್ನು ಕೈಯಲ್ಲೇ ಕಿವುಚಿ. ಸಕ್ಕರೆ, ಉಪ್ಪು ಏನೂ ಬೇಡ. ಐಸ್ ಟ್ರೇಯ ಅರ್ಧ ಗುಳಿಗಳಿಗೆ ಈ ತಿರುಳು, ಉಳಿದವಕ್ಕೆ ಬರೀ ನೀರು ಹಾಕಿ ಫ್ರೀಜರಿನಲ್ಲಿಡಿ.

ಮಾರನೆಯ ದಿನ ಟ್ರೇಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ನೀರಿನ ಗಡ್ಡೆಗಳು ನಡುವೆ ಸ್ವಲ್ಪ ಉಬ್ಬಿರುತ್ತವೆ. ಹೆಪ್ಪುಗಟ್ಟಿದಾಗ ನೀರು ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಈಗ ಎರಡನ್ನೂ ಚಮಚದಿಂದ ಒತ್ತಿ. ನೀರಿನ ಗಡ್ಡೆ ಜಗ್ಗುವುದಿಲ್ಲ, ಹಣ್ಣಿನದು ತುಸು ಪುಡಿಯಾಗುತ್ತದೆ. ಹಣ್ಣಿನ ಸಕ್ಕರೆ ನೀರಿನ ಕಣಗಳ ನಡುವೆ ಸೇರಿಕೊಂಡು, ಅವು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಹಣ್ಣಿನ ರಸ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದ ಮೇಲಷ್ಟೇ ಹೆಪ್ಪುಗಟ್ಟಲು ಶುರುಮಾಡುತ್ತದೆ. ನಾಯಿಗೆ ಈ ಮೆದು ಗಡ್ಡೆಯೇ ಒಳ್ಳೆಯದು. ತೀರಾ ಗಟ್ಟಿಯಾದದ್ದನ್ನು ಕಡಿದರೆ ಹಲ್ಲು ಮುರಿಯಬಹುದು. ಐದು ನಿಮಿಷ ಹೊರಗಿಟ್ಟು ಕೊಡಿ.

ಕೊಟ್ಟಾಗ ನಾಯಿ ಮೊದಲು ಮೂಸುತ್ತದೆ, ಆಮೇಲೆ ನೆಕ್ಕುತ್ತದೆ. ತಣ್ಣಗಿರುವ ಹಣ್ಣಿನಿಂದ ವಾಸನೆಯ ಕಣಗಳು ಕಡಿಮೆ ಹಾರುತ್ತವೆ. ನೆಕ್ಕಿ ನೆಕ್ಕಿ ಬೆಚ್ಚಗಾದಂತೆ ಪರಿಮಳ ಏಳುತ್ತದೆ, ನಾಯಿಯ ಉತ್ಸಾಹವೂ ಏರುತ್ತದೆ. ಸಿಹಿಯೂ ಅದಕ್ಕೆ ತಿಳಿಯುತ್ತದೆ. ಪಾಪ, ಬೆಕ್ಕಿಗೆ ತಿಳಿಯುವುದಿಲ್ಲ. ಸಿಹಿ ಗುರುತಿಸುವ ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ.

ಬಾಳೆಹಣ್ಣು, ಬೀಜ ತೆಗೆದ ಪರಂಗಿ, ಓಟೆ ತೆಗೆದ ಮಾವು, ಬೀಜ ತೆಗೆದ ಸೇಬು ಇವೂ ಆಗುತ್ತವೆ. ದ್ರಾಕ್ಷಿ ಮಾತ್ರ ಒಂದೂ ಬೇಡ, ಒಣದ್ರಾಕ್ಷಿಯೂ ಬೇಡ. ಅವು ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯರು ಈಗ ಶಂಕಿಸುತ್ತಾರೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು. ಹುಣಸೆ, ಚಾಕೊಲೇಟ್, ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ತಿಂಡಿ ಯಾವುದನ್ನೂ ಹತ್ತಿರ ತರಬೇಡಿ. ಕೊಡುವ ಹಣ್ಣೂ ಮಿತವಾಗಿರಲಿ, ದಿನಕ್ಕೆ ಎರಡು ಮೂರು ಸಣ್ಣ ತುಂಡು ಸಾಕು.

ಇನ್ನೊಂದು ಲೆಕ್ಕ ಮಾಡಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲರಿ ಶಾಖ ಬೇಕು. ಕರಗಿದ ನೀರು ನಾಯಿಯ ಮೈಕಾವಿಗೆ ಏರಲು ಇನ್ನೂ 39. ಒಟ್ಟು 119. ಅದೇ ಒಂದು ಗ್ರಾಂ ನೀರು ನಾಲಿಗೆಯಿಂದ ಆವಿಯಾದರೆ ಸುಮಾರು 580 ಕ್ಯಾಲರಿ ಹೊತ್ತೊಯ್ಯುತ್ತದೆ, ಹತ್ತಿರ ಹತ್ತಿರ ಐದು ಪಟ್ಟು! ನಾಯಿಯನ್ನು ನಿಜಕ್ಕೂ ತಂಪಾಗಿಸುವುದು ಅದರ ಒದ್ದೆ ನಾಲಿಗೆ. ಆ ನಾಲಿಗೆ ಒಣಗದಿರಬೇಕಾದರೆ ಕುಡಿಯಲು ನೀರು ಬೇಕು. ಐಸ್ ಖುಷಿಗೆ, ನೀರು ಜೀವಕ್ಕೆ. ಬಿಸಿಲಿನಲ್ಲಿ ನಾಯಿ ತೂರಾಡಿದರೆ, ಅಂಟು ಜೊಲ್ಲು ಸುರಿಸಿದರೆ ತಿನ್ನಿಸುತ್ತ ಕೂರಬೇಡಿ. ಕೂಡಲೇ ದೊಡ್ಡವರನ್ನು ಕೂಗಿ. ನೆರಳಿಗೆ ಕರೆತಂದು, ಮೈಮೇಲೆ ನಲ್ಲಿ ನೀರು ಸುರಿದು, ಗಾಳಿ ಬೀಸುತ್ತ ಪಶುವೈದ್ಯರ ಬಳಿಗೆ ಕರೆದೊಯ್ಯಲಿ.

ಬೀದಿ ನಾಯಿಗಳಿಗೆ ಫ್ರೀಜರ್ ಎಲ್ಲಿಂದ ಬರಬೇಕು? ನಿಮ್ಮ ಗೇಟಿನ ಹೊರಗೆ, ನೆರಳಿರುವ ಕಡೆ, ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ನೀರಿಡಿ. ಸೊಳ್ಳೆ ಮೊಟ್ಟೆ ಇಡದ ಹಾಗೆ ದಿನಾ ಬೆಳಗ್ಗೆ ಅದನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿ.