ಗುಜರಿ ಅಂಗಡಿಯ ಪಾತ್ರೆಗಳು

(ಚನ್ನಪಟ್ಟಣದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ಬಳಸಿ ಬಿಟ್ಟ ವಸ್ತುಗಳನ್ನು ಬೀದಿಯಲ್ಲಿ ಜೋಡಿಸಿಟ್ಟು, ನಾಲ್ಕು ದಿನ ಜನ ನೋಡಿದ ಮೇಲೆ ತೆಗೆದುಬಿಡುವ ಕಲೆಯ ಬಗ್ಗೆ ಮಾತನಾಡಲು ಕರೆದಿದ್ದೀರಿ. ಹೆಣ್ಣುಮಕ್ಕಳು ಏಟು ತಿನ್ನುತ್ತಿರುವಾಗ ಕಲೆ ಯಾಕಮ್ಮ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಮೆಕ್ಸಿಕೋದ ಕಲಾವಿದೆ ಎಲಿನಾ ಶೋವೆಯ ಸೋದರಿಯನ್ನು ಗಂಡನೇ ಕೊಂದ. 2009ರಲ್ಲಿ ಆಕೆ ಸ್ಯುದಾದ್ ಹುವಾರೆಸ್ ಎಂಬ ಊರಿನ ಬೀದಿಯಲ್ಲಿ, ಹೆಂಗಸರಿಂದ ಪಡೆದ 33 ಜೊತೆ ಕೆಂಪು ಪಾದರಕ್ಷೆಗಳನ್ನು ಸಾಲಾಗಿ ಇಟ್ಟಳು. ಮೆಟ್ಟುವವರಿಲ್ಲದ ಮೆಟ್ಟುಗಳು. ಆಮೇಲೆ ಅದು ಅನೇಕ ದೇಶಗಳಲ್ಲಿ ನಡೆಯಿತು. ನಮ್ಮ ಬೆಂಗಳೂರಿನಲ್ಲೇ ಜಾಸ್ಮೀನ್ ಪಥೇಜಾ 2003ರಲ್ಲಿ ಆರಂಭಿಸಿದ ಬ್ಲಾಂಕ್ ನಾಯ್ಸ್, ಕಿರುಕುಳವಾದಾಗ ಮೈಮೇಲಿದ್ದ ಬಟ್ಟೆಯನ್ನೇ ಕೊಡಿ ಎಂದು ಕೇಳಿ ಅವನ್ನು ಸಾರ್ವಜನಿಕವಾಗಿ ತೂಗುಹಾಕಿತು. 'ಏನು ಉಟ್ಟಿದ್ದಳು?' ಎಂದು ಕೇಳುವವರಿಗೆ ಬಟ್ಟೆಯೇ ಉತ್ತರ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಏನಿಡೋಣ? ರೇಷ್ಮೆಗೂಡು, ಬೊಂಬೆ ಎಂದು ನೀವು ಹೇಳುವುದು ನನಗೆ ಗೊತ್ತು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಿಂದ ನೂಲು ಬಿಚ್ಚಲಾಗದು, ಹಾರ ಮಾಡುತ್ತಾರೆ. ಚೆಂದವೇ. ಆದರೆ ಅದನ್ನು ನೋಡಿ ಅತಿಥಿಗಳು ಚಪ್ಪಾಳೆ ತಟ್ಟಿ ಹೋಗುತ್ತಾರೆ, ಅಷ್ಟೆ.

ನಾನು ಹೇಳುವುದು ಪಾತ್ರೆ. ಗುಜರಿ ಅಂಗಡಿಗೆ ಹೋಗಿ ನೋಡಿ. ಕೊಳಗ, ತಟ್ಟೆ, ಚೊಂಬುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಣ್ಣಿನ ಹೆಸರು, ಮದುವೆಯ ತಾರೀಖು. ಕೆಲವು ಹಳೆಯದಾಗಿ ಬಂದವು. ಕೆಲವು ಹೇಗೆ ಬಂದವೋ ಪಾತ್ರೆಯೇ ಹೇಳಬೇಕು. ಜೊತೆಗೆ ಹಳೆಯ ಪಂಪ್ ಸ್ಟೌಗಳು. 1990ರ ದಶಕದಲ್ಲಿ ವಿಮೋಚನಾದ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, 'ಸ್ಟೌ ಸಿಡಿಯಿತು' ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತಿದ್ದ ಸಾವುಗಳನ್ನು ಬಯಲಿಗೆ ತಂದದ್ದನ್ನು ಮರೆಯಬೇಡಿ.

ಪಾತ್ರೆಯೇ ಯಾಕೆಂದರೆ, ಅದರಲ್ಲಿ ಕಾನೂನೂ ಇದೆ. ಹೆಣ್ಣಿಗೆ ಕೊಟ್ಟ ಸ್ತ್ರೀಧನ ಹೆಣ್ಣಿನದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 19ನೇ ಕಲಮಿನಡಿ ಅದನ್ನು ವಾಪಸು ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಆದರೆ ಮನೆ ಬಿಟ್ಟು ಬಂದವಳನ್ನು 'ನಿನ್ನದು ಎನ್ನಲು ರುಜುವಾತೇನು?' ಎಂದು ಕೇಳುತ್ತಾರೆ. ಮದುವೆಯ ಉಡುಗೊರೆಗಳ ಪಟ್ಟಿ ಬರೆದು ವಧೂವರರಿಬ್ಬರೂ ರುಜು ಹಾಕಬೇಕೆಂಬ ನಿಯಮ 1985ರಿಂದಲೂ ಇದೆ. ಮುಯ್ಯಿ ಪುಸ್ತಕದಲ್ಲಿ ಐವತ್ತು ರೂಪಾಯಿಯನ್ನೂ ಬಿಡದೆ ಬರೆಯುವ ನಾವು ಈ ಪಟ್ಟಿಯನ್ನು ಮಾತ್ರ ಬರೆಯುವುದಿಲ್ಲ. ಬೀಗರು ಏನೆಂದುಕೊಂಡಾರು ಎಂಬ ಅಂಜಿಕೆ! ಹಾಗಾಗಿ ಪಾತ್ರೆಗಳ ಪಕ್ಕದಲ್ಲಿ ಖಾಲಿ ಪಟ್ಟಿಗಳ ಕಟ್ಟೊಂದಿರಲಿ, ನೋಡಲು ಬಂದವರು ಕೈಯಲ್ಲಿ ಹಿಡಿದುಕೊಂಡು ಹೋಗಲಿ. ಹಿಂದಿನ ಸಾಲಿನವರಿಗೆ ನನ್ನ ಉತ್ತರ ಅದೇ.

ಎರಡು ಎಚ್ಚರಿಕೆ. ಪಾತ್ರೆಯ ಮೇಲಿನ ಹೆಸರುಗಳಿಗೆ ಕಾಗದ ಅಂಟಿಸಬೇಕು. ಬದುಕಿರುವ ಹೆಂಗಸನ್ನು ಸಂತೆಯಲ್ಲಿ ನಿಲ್ಲಿಸುವುದು ನಮ್ಮ ಕೆಲಸವಲ್ಲ. ಕೇಸು ನಡೆಯುತ್ತಿರುವವರು ತಮ್ಮ ಪಾತ್ರೆಗಳನ್ನು ತರಲೇಬೇಡಿ, ಅವು ಸಾಕ್ಷ್ಯ.

ಕಾಯಂ ಸ್ಮಾರಕ ಬೇಡ. ಅದಕ್ಕೆ ವರ್ಷಕ್ಕೊಮ್ಮೆ ಹೂವು ಹಾಕಿ ಉಳಿದ ದಿನ ಬೆನ್ನು ತಿರುಗಿಸುತ್ತಾರೆ. ಒಂದೊಂದು ಊರಿನಲ್ಲಿ ಮೂರು ದಿನ, ಬಸ್ ನಿಲ್ದಾಣದ ಹತ್ತಿರ ಸಾಕು. ಗುಜರಿಯವರಿಂದ ತೂಕ ಹಾಕಿಸಿ ತಂದದ್ದನ್ನು ತೂಕ ಹಾಕಿಸಿಯೇ ಮರಳಿಸೋಣ. ಮೊದಲು ಚನ್ನಪಟ್ಟಣ. ಪುರಸಭೆ, ನಗರಸಭೆಗಳ ಅನುಮತಿಗೆ ಓಡಾಡಲು ಪ್ರತಿ ಊರಿನಿಂದ ಇಬ್ಬರು ಸಭೆ ಮುಗಿದ ಮೇಲೆ ಹೆಸರು ಕೊಡಿ.