ತಮ್ಮನಾಗಿ ಹುಟ್ಟಿದ ಚಿತ್ರ



ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂ ಸೇರುತ್ತದೆ. ನನ್ನ ಹುಡುಗತನದಲ್ಲಿ ಅಲ್ಲಿಂದಾಚೆಗೆ ಹಳಿಯಿರಲಿಲ್ಲ. 1987ರಲ್ಲಿ, ಹದಿನೇಳರ ಪ್ರಾಯದ ನನಗೆ ಬಾಳಿನ ದಾರಿಯೂ ಹಾಗೆಯೇ ಮುಗಿದಂತೆ ತೋರಿತ್ತು. ಪಿ.ಯು.ಸಿ. ಗಣಿತದಲ್ಲಿ ನಾನು ನಪಾಸಾಗಿದ್ದೆ. ಅದೇ ಪರೀಕ್ಷೆಯಲ್ಲಿ ಅಣ್ಣ ಮೊದಲ ದರ್ಜೆ ಪಡೆದವನು. ಗಣಿಯ ಪಾಳಿ ಮುಗಿಸಿ ಬಂದ ಅಪ್ಪ ಬೈಯಲಿಲ್ಲ. "ನಿನ್ನ ಅಣ್ಣ ಹೀಗಿರಲಿಲ್ಲವಪ್ಪ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ಆ ವರ್ಷವೇ ವಿ. ರವಿಚಂದ್ರನ್ ಅವರ 'ಪ್ರೇಮಲೋಕ' ತೆರೆಗೆ ಬಂದಿತು. ಕಾಲೇಜಿನ ಹುಡುಗ ಹುಡುಗಿಯರು ಆಡಬೇಕಾದ ಮಾತನ್ನೂ ಹಾಡಿಯೇ ಹೇಳುವ ಚಿತ್ರವದು. ಹಂಸಲೇಖ ಅವರ ಪದಗಳಲ್ಲಿ ನಾವು ಬೀದಿಯಲ್ಲಿ ಆಡುವ ಕನ್ನಡವೇ ಇತ್ತು. ತಮಿಳು ಮನೆಮಾತಿನ ನನ್ನ ಗೆಳೆಯರು ಅದರ ತಮಿಳು ರೂಪವಾದ 'ಪರುವ ರಾಗಂ' ನೋಡಿಬಂದು, ತಮ್ಮದೇ ಮೇಲೆಂದು ವಾದಿಸಿದರು. ವಾದ ಮುಗಿಯದಾದಾಗ ಸೈನೈಡ್ ದಿಬ್ಬದ ನೆರಳಿನಲ್ಲಿ ಕುಳಿತು, ಒಂದೇ ಧಾಟಿಯನ್ನು ಎರಡು ಭಾಷೆಗಳಲ್ಲಿ ಹಾಡಿಕೊಂಡೆವು. ನಪಾಸಾದವನ ಮುಖಕ್ಕೆ ನಗು ಮರಳಿದ್ದು ಅಲ್ಲಿ.

ಈ ಎರಡರ ಹಿಂದೆ ಮೂರನೆಯದೊಂದಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. 'ಪ್ರೇಮಲೋಕ'ಕ್ಕೆ ಸ್ಫೂರ್ತಿ ಕೊಟ್ಟದ್ದು 'ಗ್ರೀಸ್ 2' ಎಂಬ ಅಮೆರಿಕದ ಚಿತ್ರ. ಈಚೆಗೆ ಅದನ್ನು ಮಗಳ ಮನೆಯಲ್ಲಿ ಕುಳಿತು ನೋಡಿದೆ. 1961ರ ಒಂದು ಶಾಲೆ. ಇಂಗ್ಲೆಂಡಿನಿಂದ ಬಂದ ಸಂಕೋಚದ ಹುಡುಗ. ಅವನು ಮೆಚ್ಚಿದ ಹುಡುಗಿಗೆ ಬೇಕಾದವನು ಮೋಟಾರ್ ಬೈಕಿನ ಧೀರ. ಹುಡುಗ ಸಹಪಾಠಿಗಳಿಗೆ ಪ್ರಬಂಧ ಬರೆದುಕೊಟ್ಟು ಹಣ ಕೂಡಿಸಿ, ಬೈಕು ಕೊಂಡು, ಮುಖ ಮರೆಸಿಕೊಂಡು ಅವಳೆದುರು ಬರುತ್ತಾನೆ. ತಾನು ತಾನಾಗಿದ್ದರೆ ಯಾರೂ ಒಲಿಯರೆಂಬ ಆ ಭಯ ಹದಿಹರೆಯದವರಿಗೆ ಹೊಸದೇನಲ್ಲ.

ಅಲ್ಲಿ ಅದಕ್ಕೆ ದೊರೆತ ಸ್ವಾಗತ ಮಾತ್ರ ತಣ್ಣಗಿತ್ತು. 1978ರ 'ಗ್ರೀಸ್' ಅಪಾರ ಯಶಸ್ಸು ಕಂಡಿತ್ತು. ಅದರ ಜಾನ್ ಟ್ರವೋಲ್ಟಾ, ಒಲಿವಿಯಾ ನ್ಯೂಟನ್-ಜಾನ್ ಜೋಡಿ ಈ ಎರಡನೆಯದರಲ್ಲಿ ಇರಲಿಲ್ಲ. ಮೊದಲ ಚಿತ್ರದ ನೃತ್ಯಗಳನ್ನು ಸಂಯೋಜಿಸಿದ್ದ ಪೆಟ್ರೀಷಿಯಾ ಬರ್ಚ್ ಈ ಬಾರಿ ನಿರ್ದೇಶಕಿ. ಬಿಡುಗಡೆಯಾದ 1982ರ ಜೂನ್ 11ರಂದೇ ಸ್ಪೀಲ್‌ಬರ್ಗರ 'ಇ.ಟಿ.' ಕೂಡ ತೆರೆಕಂಡು, ಜನವನ್ನೆಲ್ಲ ತನ್ನತ್ತ ಸೆಳೆಯಿತು. ವಿಮರ್ಶಕರು ಮೊದಲನೆಯದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಅಳೆದರು.

ಚಿತ್ರ ನಿರ್ದೋಷವೆಂದು ನಾನು ಹೇಳಲಾರೆ. ಕಥೆ ತೆಳು, ಹಾಸ್ಯ ಅಲ್ಲಲ್ಲಿ ಒರಟು. ಆದರೆ "ಇದು ಚೆನ್ನಾಗಿಲ್ಲ" ಎನ್ನುವುದು ಒಂದು ಮಾತು. "ಇದು ಅಣ್ಣನಂತಿಲ್ಲ" ಎನ್ನುವುದು ಇನ್ನೊಂದು. ಮೊದಲನೆಯದು ವಿಮರ್ಶೆ. ಎರಡನೆಯದರಲ್ಲಿ ಎದುರಿಗಿರುವವನನ್ನು ನೋಡುವ ಕೆಲಸವೇ ನಡೆಯುವುದಿಲ್ಲ. ಅಣ್ಣನ ನೆನಪಿಲ್ಲದ ನಮ್ಮ ನಾಡಿಗೆ ಅದೇ ಕಥೆ ಬೇರೆ ಬಟ್ಟೆ ತೊಟ್ಟು ಬಂದಾಗ, ಇಲ್ಲಿನ ಹುಡುಗರು ಅದನ್ನು ಎದೆಗಪ್ಪಿಕೊಂಡರು. ರವಿಚಂದ್ರನ್, ಹಂಸಲೇಖರ ಪ್ರತಿಭೆ ಅದಕ್ಕೆ ಮುಖ್ಯ ಕಾರಣ, ನಿಜ. ಆದರೂ ಬೀಜದಲ್ಲಿ ಜೀವವಿಲ್ಲದಿದ್ದರೆ ಒಳ್ಳೆಯ ಮಣ್ಣು ತಾನೇ ಏನು ಮಾಡೀತು?

2001ರ ಫೆಬ್ರವರಿ 28ರಂದು ನಮ್ಮ ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಬೇಡವೆಂದು ಸುರಿದ ಮಣ್ಣಿನ ದಿಬ್ಬಗಳು ಉಳಿದವು. ಆ ಮಣ್ಣಿನಲ್ಲೂ ಚಿನ್ನದ ಕಣಗಳಿವೆಯೆಂದು ಈಗ ಮತ್ತೆ ಲೆಕ್ಕ ನಡೆಯುತ್ತಿದೆ.

ಮರುಪರೀಕ್ಷೆಯಲ್ಲಿ ತೇರ್ಗಡೆಯಾದ ನಾನು ಮುಂದೆ ಉಪಾಧ್ಯಾಯನಾದೆ. ಕಳೆದ ಫಲಿತಾಂಶದ ದಿನ ತಂದೆಯೊಬ್ಬರು ಮಗನ ಅಂಕಪಟ್ಟಿ ಹಿಡಿದು, "ಇವನ ಅಣ್ಣ ಹೀಗಿರಲಿಲ್ಲ, ಮೇಷ್ಟ್ರೆ" ಎಂದರು. ಹುಡುಗ ನೆಲ ನೋಡುತ್ತಿದ್ದ. "ಅಣ್ಣನ ಮಾತು ಇನ್ನೊಂದು ದಿನ ಆಡೋಣ, ಸ್ವಾಮಿ, ಇಂದು ಇವನದನ್ನು ನೋಡೋಣ" ಎಂದು ಅವರಿಗೆ ಕುರ್ಚಿ ಎಳೆದುಕೊಟ್ಟೆ.