ಬಾಗಿಲು ಇದೆ, ಆದ್ರೆ ತೆರೆಯುತ್ತಾ?

ಕಲಬುರಗಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ಪ್ರಶ್ನೆ ಒಂದೇ: ನೀವು ಕೆಲಸ ಮಾಡೋ ಜಾಗದಲ್ಲಿ ಬೆಂಕಿ ಬಿದ್ರೆ ಎಲ್ಲಿಂದ ಹೊರಗೆ ಬರ್ತೀರಿ?

2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದ್‌ಗೆ ಹೊರಟಿದ್ದ ಖಾಸಗಿ ಬಸ್ಸು ನಮ್ಮ ಕಮಲಾಪುರದ ಹತ್ತಿರ ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರೀತು. 7 ಪ್ರಯಾಣಿಕರು ಹೊರಗೆ ಬರಲಾಗದೆ ಜೀವ ಕಳಕೊಂಡ್ರು. ನಮಗೆ ಬಸ್ಸು ಅಂದ್ರೆ ಪ್ರಯಾಣ. ಡ್ರೈವರ್, ಕ್ಲೀನರ್‌ಗೆ ಅದೇ ಕೆಲಸದ ಜಾಗ. ತುರ್ತು ಬಾಗಿಲು ಯಾರು ತೆಗೀಬೇಕು, ಗಾಜು ಯಾವುದರಿಂದ ಒಡೀಬೇಕು ಅನ್ನೋದು ಬಸ್ಸು ಹೊರಡೋ ಮುಂಚೆನೇ ತೀರ್ಮಾನ ಆಗಿರಬೇಕು. ಬೆಂಕಿ ಬಂದ ಮೇಲೆ ಯೋಚಿಸೋಕೆ ಟೈಮ್ ಇರಲ್ಲ.

ಆಫೀಸಿಗೂ ಇದೇ ಮಾತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ರು. ಹೊಗೆಗೆ ಉಸಿರು ಕಟ್ಟಿ ಕಿಟಕಿಯಿಂದ ಜಿಗಿದವರೂ ಇದ್ರು. ಬೆಂಕಿಗಿಂತ ಮೊದಲು ಹೊಗೆನೇ ನಮ್ಮನ್ನ ಮುಟ್ಟುತ್ತೆ.

ಈಗ ನಮ್ಮೂರು ನೋಡ್ರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ. ಎಸಿ, ಕೂಲರ್ ದಿನವಿಡೀ ಓಡ್ತಾವೆ, ವೈರಿಂಗ್ ಮಾತ್ರ ಹಳೇದು. ಎಷ್ಟೋ ಅಂಗಡಿ, ಕೋಚಿಂಗ್ ಸೆಂಟರ್‌ಗಳಿಗೆ ಇರೋದು ಒಂದೇ ಮೆಟ್ಟಿಲು. ಅದರ ಮೇಲೂ ಸ್ಟಾಕಿನ ಡಬ್ಬಿಗಳು! ಹಿಂದಿನ ಬಾಗಿಲಿಗೆ ಬೀಗ, ಕೀಲಿ ಮಾಲೀಕರ ಜೇಬಲ್ಲಿ.

ಹಾಗಾದ್ರೆ ಏನ್ ಮಾಡೋದು? ಮೊದಲು ಕೆಲಸ ಹಂಚಿಕೊಳ್ಳಿ: ಒಬ್ಬರು ಮೇನ್ ಸ್ವಿಚ್ ಆಫ್ ಮಾಡೋದು, ಒಬ್ಬರು 112ಕ್ಕೆ ಫೋನ್ ಮಾಡೋದು, ಒಬ್ಬರು ಟಾಯ್ಲೆಟ್, ಗೋಡೌನ್ ನೋಡಿ ಎಲ್ಲರನ್ನೂ ಹೊರಡಿಸೋದು. ಅವರು ರಜೆ ಇದ್ರೆ ಬದಲಿ ಯಾರು ಅನ್ನೋದೂ ಗೊತ್ತಿರಲಿ. ಲಿಫ್ಟ್ ಬೇಡ. ಹೊಗೆ ಇದ್ರೆ ಬಗ್ಗಿ ನಡೀರಿ, ಕೆಳಗೆ ಗಾಳಿ ಸ್ವಲ್ಪ ತಿಳಿಯಾಗಿರುತ್ತೆ. ಹೊರಗೆ ಒಂದು ಜಾಗದಲ್ಲಿ ಸೇರಿ ತಲೆ ಎಣಿಸಿ. ಬಿಟ್ಟುಬಂದ ಫೋನಿಗಾಗಿ ವಾಪಸ್ ಹೋಗಬೇಡಿ.

ಗೋಡೆ ಮೇಲಿನ ಕೆಂಪು ಸಿಲಿಂಡರ್ ಸಣ್ಣ ಬೆಂಕಿಗಷ್ಟೇ. ಪಿನ್ ಎಳೀರಿ, ಜ್ವಾಲೆಯ ಬುಡಕ್ಕೆ ಗುರಿ ಇಡ್ರಿ, ಹಿಡಿಕೆ ಒತ್ತಿ, ಅತ್ತಿಂದಿತ್ತ ಆಡಿಸಿ. ನಿಮ್ಮ ಬೆನ್ನ ಹಿಂದೆ ಹೊರಹೋಗೋ ದಾರಿ ಇರಬೇಕು. ಆರಲಿಲ್ವಾ? ಬಿಟ್ಟು ಹೊರಡಿ. ಕರೆಂಟ್ ಬೆಂಕಿಗೆ ನೀರು ಹಾಕಲೇಬೇಡಿ.

ನಾಳೆ ಕೆಲಸಕ್ಕೆ ಹೋದಾಗ ಹತ್ತು ನಿಮಿಷ ತಗೊಳ್ರಿ. ಸಹೋದ್ಯೋಗಿಗಳ ಜೊತೆ ಆ ಹಿಂದಿನ ಬಾಗಿಲವರೆಗೂ ನಡೀರಿ. ಕೈಯಿಂದ ತೆಗೆದು ನೋಡ್ರಿ. ತೆರೀಲಿಲ್ಲ ಅಂದ್ರೆ, ಅವತ್ತೇ ಮಾಲೀಕರಿಗೆ ಹೇಳ್ರಿ.